ಗಾಲಿಯ ಮೇಲೊಂದು ರಂಗೋಲಿ

ಬೆಂಗಳೂರಿಗೆ ಹೋಗಿ ಬಂದವರು ಲಾಲ್‌ಬಾಗ್ ನೋಡಿದೆ, ವಿಧಾನಸೌಧ ನೋಡಿದೆ ಅನ್ನುವುದು ವಾಡಿಕೆ. ನಾನು ಬೇಸಿಗೆ ರಜೆಯಲ್ಲಿ ನೋಡಿ ಬಂದದ್ದು ಚಂದ್ರಾ ಲೇಔಟಿನ ಒಂದು ಸಿಮೆಂಟಿನ ಅಂಗಳ. ನಗಬೇಡಿ, ಪೂರ್ತಿ ಕೇಳಿ.

ನನ್ನ ತಂಗಿಯ ಮನೆ ಅಲ್ಲಿದೆ. ಅತ್ತಿಗುಪ್ಪೆಯಲ್ಲಿ ಮೆಟ್ರೊ ರೈಲು ಇಳಿದು ಸ್ವಲ್ಪ ನಡೆದರೆ ಸಿಗುತ್ತದೆ. ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ನಾಗರಬಾವಿ. ದೊಡ್ಡ ರಸ್ತೆಯಲ್ಲಿ ವಾಹನಗಳ ಗಲಾಟೆ. ಅಡ್ಡರಸ್ತೆಗೆ ತಿರುಗಿದರೆ ನಮ್ಮೂರಿನ ಹಾಗೆಯೇ ಬಾಗಿಲಿಗೆ ರಂಗೋಲಿ, ಸೊಪ್ಪಿನವಳ ಕೂಗು.

ತಂಗಿಯ ಮಗಳಿಗೆ ಹನ್ನೊಂದು ವರ್ಷ. ಗಾಲಿ ಬೂಟು ಕಟ್ಟಿಕೊಂಡು ನೃತ್ಯದಂತೆ ಸುಳಿದಾಡುವ ಸ್ಕೇಟಿಂಗ್ ಕಲಿಯುತ್ತಾಳೆ. ನಾನು ಹೋದಾಗ ಬೂಟು ಮಂಚದ ಕೆಳಗೆ ಸೇರಿತ್ತು. ಹಿಂದಿನ ವಾರ ಸ್ಪರ್ಧೆಯಲ್ಲಿ ಬಿದ್ದು ಕೊನೆಯವಳಾಗಿದ್ದಳಂತೆ. "ಹೆಣ್ಣು ಹುಡುಗಿ, ಮಂಡಿ ತುಂಬಾ ಗಾಯದ ಕಲೆ. ಸಾಕು, ಬಿಡಿಸಿಬಿಡಮ್ಮ" ಎಂದರು ತಂಗಿಯ ಅತ್ತೆ. ತಂಗಿ ಏನೂ ಮಾತಾಡಲಿಲ್ಲ.

ಆ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ನಾರ್ವೆ ದೇಶದ ಸೋನ್ಯಾ ಹೆನೀ ಕಥೆ ಹೇಳಿದೆ. ಅಲ್ಲಿ ಗಾಲಿಯಿಲ್ಲ, ಬೂಟಿನಡಿ ಉಕ್ಕಿನ ಅಲಗು, ಅದರಡಿ ಮಂಜುಗಡ್ಡೆ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಅವಳಿಗೂ ಹನ್ನೊಂದೇ ವರ್ಷ. ಎಂಟು ಜನರಲ್ಲಿ ಎಂಟನೆಯವಳು! ಆಟದ ನಡುವೆ ಅಂಚಿಗೆ ಬಂದು, ಮುಂದೇನು ಮಾಡಲಿ ಅಂತ ಗುರುವನ್ನೇ ಕೇಳಿದಳಂತೆ. ಮೂರೇ ವರ್ಷ, 1927ರಲ್ಲಿ ವಿಶ್ವ ಚಾಂಪಿಯನ್. 1936ರವರೆಗೆ ಸತತ ಹತ್ತು ಸಲ ಆ ಪಟ್ಟ ಅವಳದೇ. 1928, 1932, 1936ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ಆಮೇಲೆ ಹಾಲಿವುಡ್ ಸಿನಿಮಾ.

ಅವಳಪ್ಪ ತುಪ್ಪಳದ ವ್ಯಾಪಾರಿ, ಸಿರಿವಂತ, ಒಳ್ಳೆಯ ಗುರುಗಳನ್ನಿಟ್ಟು ಕಲಿಸಿದ, ಅದನ್ನು ಮುಚ್ಚಿಡಬಾರದು. ಹಿಟ್ಲರನಿಗೆ ನಾಜಿ ಸಲಾಮು ಹೊಡೆದು ತನ್ನ ದೇಶದವರಿಂದಲೇ ಬೈಸಿಕೊಂಡಳು. ಪದಕದ ಜೊತೆಗೆ ವಿವೇಕ ತಾನಾಗಿ ಬರುವುದಿಲ್ಲ ಅನ್ನುವುದನ್ನೂ ಹೇಳಿದೆ.

"ಅದೆಲ್ಲಾ ಐಸ್ ಇರೋ ದೇಶದ ಮಾತು, ದೊಡ್ಡಮ್ಮ" ಅಂದಳು ಹುಡುಗಿ.

"ಗಾಲಿಯ ಮೇಲೂ ಇದೆಯಲ್ಲೇ! 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಇದೇ ಆಟದಲ್ಲಿ ಕಂಚು ತಂದ. ಜೋಡಿ ಆಟದಲ್ಲಿ ಅವನಿ ಪಂಚಾಲ್ ಎಂಬ ಹುಡುಗಿಯ ಜೊತೆಗೂಡಿ ಇನ್ನೊಂದು ಕಂಚು."

ಬೆಳಿಗ್ಗೆ ಅವಳೇ ಬೂಟು ಹೊರಗೆ ತೆಗೆದಳು. ನಾನೂ ಜೊತೆಗೆ ಹೋದೆ. ಬೂಟಿಗೆ ಮುಂದೆರಡು, ಹಿಂದೆರಡು ಗಾಲಿ. ತುದಿಯಲ್ಲಿ ನಿಲ್ಲಿಸಲು ರಬ್ಬರಿನ ತುಂಡು. ನೆಲದ ಮೇಲೆ ಬಣ್ಣದಲ್ಲಿ ಬರೆದ ದೊಡ್ಡ ವೃತ್ತಗಳು. ಒಂದೇ ಕಾಲಿನಲ್ಲಿ ಆ ಗೆರೆ ತಪ್ಪದೆ ಸುತ್ತಬೇಕು. ಫಿಗರ್ ಸ್ಕೇಟಿಂಗ್ ಎಂಬ ಹೆಸರು ಬಂದದ್ದೇ ಇಂಥ ಆಕಾರಗಳಿಂದ. ಮಂಜಿನ ಮೇಲಿನ ದೊಡ್ಡ ಸ್ಪರ್ಧೆಗಳಲ್ಲಿ 1990ರ ನಂತರ ಈ ಭಾಗ ಕೈಬಿಟ್ಟರು, ಗಾಲಿಯವರು ಉಳಿಸಿಕೊಂಡಿದ್ದಾರೆ. ನಾವು ಕೈಯಲ್ಲಿ ಎಳೆಯುವ ರಂಗೋಲಿಯನ್ನು ಆ ಮಕ್ಕಳು ಕಾಲಿನಲ್ಲಿ ಎಳೆಯುತ್ತಿದ್ದವು!

ನಮ್ಮ ಹುಡುಗಿ ನಾಲ್ಕು ಸಲ ಬಿದ್ದಳು. ಐದನೆಯ ಸಲ ವೃತ್ತ ಮುಗಿಸಿದಳು. ಬೀಳುವುದನ್ನೂ ಕಲಿಸುತ್ತಾರೆ ನೋಡಿ: ಮಂಡಿ ಬಗ್ಗಿಸಿ, ಮೈ ಸಡಿಲ ಬಿಟ್ಟು, ಪಕ್ಕಕ್ಕೆ ಜಾರಬೇಕು, ಅಂಗೈ ಊರಿದರೆ ಮಣಿಕಟ್ಟಿಗೆ ಪೆಟ್ಟು. ತಲೆಗೆ ಹೆಲ್ಮೆಟ್ಟು, ಮಂಡಿ, ಮೊಣಕೈ, ಮಣಿಕಟ್ಟಿಗೆ ಕವಚ ಇರಲೇಬೇಕು.

ಸಂಜೆ ಅತ್ತೆಯವರೇ ಅವಳ ಮಂಡಿಯ ಹಳೆ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ನಾಳೆಯೂ ಹೋಗ್ತೀಯೇನೇ?" ಅಂತ ಕೇಳಿದರು. ತಂಗಿ ನನ್ನ ಮುಖ ನೋಡಿ ನಕ್ಕಳು.

ಸೋದರಿಯರೇ, ನಿಮ್ಮೂರಿನಲ್ಲಿ ಸ್ಕೇಟಿಂಗ್ ಇಲ್ಲದಿದ್ದರೂ ಸೈಕಲ್ಲೋ ಈಜೋ ಇದ್ದೇ ಇರುತ್ತದೆ. ಮಗಳು ಬೀಳುತ್ತಾಳೆ ಅಂತ ತಡೆಯಬೇಡಿ. ಮಂಡಿಗೆ ಕವಚ ಕಟ್ಟಿ ಕಳಿಸಿ. ಏನಂತೀರಿ?