ಮೈಲೇಜಿನ ಲೆಕ್ಕ ಮತ್ತು ನಮ್ಮ ಹಳೇ ಜೀಪು

ನಮ್ಮ ಮಲೆನಾಡಿನ ಕಡೆ ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆ-ಅಡಿಕೆ ತಟ್ಟೆಯ ಸುತ್ತ ನಾಲ್ಕು ಗಂಡಸರು ಕೂತರೆ ಎರಡೇ ಮಾತು. ಒಂದು ಅಡಿಕೆ ರೇಟು, ಇನ್ನೊಂದು ಗಾಡಿ ಮೈಲೇಜು. ಅಡಿಕೆ ರೇಟು ನಮ್ಮ ಕೈಲಿಲ್ಲ. ಗಾಡಿ ವಿಷಯ ಹಾಗಲ್ಲವಲ್ಲ, ಹಳೇದು ಮಾರಿ ಕಡಿಮೆ ಎಣ್ಣೆ ಕುಡಿಯೋ ಹೊಸದು ತಗೊಂಡ್ರೆ ಆಯ್ತು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲೂ ಕಳೆದ ದೀಪಾವಳಿಯಿಂದ ಇದೇ ಚರ್ಚೆ. ಆ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಂತೆ ಯೋಚಿಸುತ್ತಿರುವ ಓದುಗರಿಗೆ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೊಸನಗರದಿಂದ ಏಳು ಕಿಲೋಮೀಟರ್ ಒಳಗಿನ ತೋಟದ ಮನೆ. ಗಾಡಿ 2012ರ ಬೊಲೆರೊ. ಊರವರ ಬಾಯಲ್ಲಿ ಅದು ಯಾವತ್ತೂ 'ಜೀಪು'. ಗೊಬ್ಬರದ ಚೀಲ, ಅಡಿಕೆ ಮೂಟೆ, ನೆಂಟರು, ನಾಯಿ ಎಲ್ಲವನ್ನೂ ಹೊತ್ತಿದೆ. ಮಗಳು ಸಾಗರದಲ್ಲಿ ಓದುತ್ತಿದ್ದಾಳೆ. ನನ್ನ ತವರು ತೀರ್ಥಹಳ್ಳಿ, ಅಲ್ಲಿ ಅಮ್ಮ ಒಬ್ಬಳೇ. ಹಾಗಾಗಿ ನಮ್ಮ ಓಡಾಟವೆಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ಊರಿನ ನಡುವೆ.

ಮಾತು ಶುರು ಮಾಡಿದ್ದು ಬೆಂಗಳೂರಿನ ನನ್ನ ತಮ್ಮ. "ಅಕ್ಕ, ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಈಗ ತಗೊಳ್ಳದೆ ಇನ್ಯಾವಾಗ? ಭಾವಂಗೆ ಹೇಳು, ಡೀಸೆಲ್ಲಿಗೆ ಸುರಿಯೋ ದುಡ್ಡಲ್ಲೇ ಕಂತು ಕಟ್ಟಬಹುದು" ಅಂದ. 2025ರ ಆ ತೆರಿಗೆ ಇಳಿಕೆ ನಿಜವೇ. ಮಗಳೂ ಮಾವನ ಪಕ್ಷ. ಇವರು ಮಾತ್ರ "ಜೀಪಿಗೆ ಎಂತ ಆಗಿದೆ?" ಅಂತ ಒಂದೇ ಮಾತು. ಅತ್ತೆ ಏನೂ ಹೇಳಲಿಲ್ಲ. ಆದರೆ ಮಂಡಿನೋವಿನ ಅವರಿಗೆ ಜೀಪು ಹತ್ತಲು ಈಗ ಸ್ಟೂಲು ಬೇಕು.

ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ತೋಟದ ಫಸಲು ಕುಗ್ಗಿದೆ. ಮಗಳ ಓದು ಇನ್ನೂ ಎರಡು ವರ್ಷ ಇದೆ. ಇಂಥ ಹೊತ್ತಲ್ಲಿ ಐದು ವರ್ಷದ ಸಾಲ ಹುಡುಗಾಟವಲ್ಲ. 'ಉಳಿಯುತ್ತೆ' ಅನ್ನೋದು ನಿಜವಾ ಅಂತ ಮೊದಲು ನೋಡಬೇಕಿತ್ತು.

ಮೊದಲು ಮಾಡಿದ್ದು ಜೀಪಿನ ನಿಜವಾದ ಮೈಲೇಜು ಕಂಡುಹಿಡಿಯೋದು. ಟ್ಯಾಂಕು ಫುಲ್ ಮಾಡಿಸಿ ಮೀಟರ್ ಬರೆದಿಟ್ಟೆವು. ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ಕಿಲೋಮೀಟರನ್ನು ಭಾಗಿಸಿದರೆ ಆಯಿತು. ಮೂರು ಸಲ ಹೀಗೆ ಮಾಡಿದಾಗ ಸರಾಸರಿ 12 ಬಂತು. ಹೊಸ ಕಾರಿಗೆ ಕಂಪನಿ ಹೇಳುವುದು 24. ಆ ಅಂಕಿ ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಓಡಿಸಿ ತೆಗೆದದ್ದು. ಅಲ್ಲಿ ನಮ್ಮ ಏರು, ತಿರುವು, ಹೊಂಡ, ಮಳೆಗಾಲ ಯಾವುದೂ ಇಲ್ಲ. ಅಂಥದೇ ಕಾರಿರುವ ಪಕ್ಕದ ಮನೆಯವರನ್ನು ಕೇಳಿದರೆ ನಮ್ಮ ರಸ್ತೆಯಲ್ಲಿ 18 ಅಂದರು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆತಿರುತ್ತದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಅದರಿಂದಲೂ ಮೈಲೇಜು ಸ್ವಲ್ಪ ತಗ್ಗುತ್ತದೆ. ಹಾಗಾಗಿ 18 ಅಂತಲೇ ಇಟ್ಟುಕೊಂಡೆ.

ಆಮೇಲೆ ತಿಂಗಳಿಗೆ ಎಷ್ಟು ಓಡಿಸುತ್ತೇವೆ ಅಂತ ಕ್ಯಾಲೆಂಡರಿನಲ್ಲಿ ಬರೆದೆವು. ಸಾಗರಕ್ಕೆ ಮೂರು ಸಲ, 240 ಕಿಲೋಮೀಟರ್. ತೀರ್ಥಹಳ್ಳಿಗೆ ಮೂರು ಸಲ, 270. ಹೊಸನಗರ ಪೇಟೆಗೆ ಇಪ್ಪತ್ತು ಸಲ, 280. ಮದುವೆ, ಮುಂಜಿ, ಆಸ್ಪತ್ರೆ ಅಂತ 110. ಒಟ್ಟು 900. ವರ್ಷಕ್ಕೆ 10,800.

ಇನ್ನು ಲೆಕ್ಕ ಸುಲಭ. ಜೀಪಿಗೆ ವರ್ಷಕ್ಕೆ 900 ಲೀಟರ್ ಡೀಸೆಲ್. ಲೀಟರಿಗೆ 91 ರೂಪಾಯಿ ಹಿಡಿದರೆ 81,900. ಹೊಸ ಕಾರಿಗೆ 600 ಲೀಟರ್ ಪೆಟ್ರೋಲ್. 103 ರೂಪಾಯಿಯಂತೆ 61,800. ಉಳಿಯುವುದು 20,100 ರೂಪಾಯಿ. ಮಗಳು "ನೋಡಿದ್ಯಾ ಅಮ್ಮ!" ಅಂದಳು. "ತಡಿ ಕಣೆ, ಇನ್ನೊಂದು ಕಡೆ ಲೆಕ್ಕ ಇದೆ" ಅಂದೆ.

ಹೊಸ ಕಾರಿನ ಷೋರೂಂ ಬೆಲೆ 6.40 ಲಕ್ಷ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14, ಅದರ ಮೇಲೆ ಸೆಸ್ ಬೇರೆ. ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವಾಗ 7.75 ಲಕ್ಷ. ಜೀಪಿಗೆ 3 ಲಕ್ಷ ಕೊಡುತ್ತೇವೆ ಅಂದವರಿದ್ದರು. ಮಿಕ್ಕ 4.75 ಲಕ್ಷ ಸಾಲ. ಶೇ. 9ರ ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 9,860. ಮೊದಲ ವರ್ಷ ಕಟ್ಟುವ ಬಡ್ಡಿಯೇ 39,500 ಚಿಲ್ಲರೆ. ಐದು ವರ್ಷಕ್ಕೆ ಒಟ್ಟು ಬಡ್ಡಿ 1,16,600.

ನ್ಯಾಯವಾಗಿ ಎರಡೂ ಕಡೆಯದನ್ನು ಬರೆದೆ. ಜೀಪಿನ ರಿಪೇರಿಗೆ ವರ್ಷಕ್ಕೆ 26,000 ಹೋಗುತ್ತದೆ, ಹೊಸದರ ಸರ್ವಿಸಿಗೆ 8,000 ಸಾಕು. ಅಲ್ಲಿ 18,000 ಉಳಿತಾಯ. ವಿಮೆ ಜೀಪಿಗೆ 9,000, ಹೊಸದಕ್ಕೆ 13,000. ಅಲ್ಲಿ 4,000 ಹೆಚ್ಚು. ಗೊಬ್ಬರ, ಅಡಿಕೆ ಸಾಗಿಸಲು ಸಣ್ಣ ಕಾರು ಬರುವುದಿಲ್ಲ. ವರ್ಷಕ್ಕೆ ಹತ್ತು ಸಲ ಪಿಕಪ್ ಬಾಡಿಗೆಗೆ ಹೇಳಿದರೆ 1,500ರಂತೆ 15,000. ಎಲ್ಲ ಕೂಡಿ ಕಳೆದರೆ ನಿಜವಾಗಿ ಉಳಿಯುವುದು ವರ್ಷಕ್ಕೆ 19,100. ಐದು ವರ್ಷಕ್ಕೆ 95,500. ಬಡ್ಡಿಗೇ ಸಾಲದು! ಅಸಲಿನ ಮಾತು ಆಮೇಲೆ.

ತಮ್ಮ ಫೋನಿನಲ್ಲೇ ವಾದಕ್ಕೆ ಬಂದ. "ಅಕ್ಕ, ಕೊನೆಗೆ ಕೈಲಿ ಒಂದು ಒಳ್ಳೆ ಗಾಡಿ ಇರುತ್ತಲ್ಲ?" ಮಾತು ಸರಿಯೇ. ಆದರೆ 7.75 ಲಕ್ಷದ ಕಾರು ಐದು ವರ್ಷಕ್ಕೆ 4 ಲಕ್ಷಕ್ಕೆ ಹೋದರೆ ಹೆಚ್ಚು. ಅಂದರೆ 3.75 ಲಕ್ಷ ಕರಗಿತು. ಜೀಪು 3 ಲಕ್ಷದಿಂದ ಒಂದೂಮುಕ್ಕಾಲಿಗೆ ಇಳಿದರೂ ಕರಗುವುದು ಒಂದೂಕಾಲು. ಹಳೇ ಗಾಡಿಯ ಬೆಲೆ ಬೀಳಬೇಕಾದಷ್ಟು ಆಗಲೇ ಬಿದ್ದಾಗಿದೆ. ಪೆಟ್ರೋಲ್ ಬಂಕಿನಲ್ಲಿ ಕೊಡುವ ದುಡ್ಡು ಕಣ್ಣಿಗೆ ಕಾಣುತ್ತದೆ, ಅಂಗಳದಲ್ಲಿ ನಿಂತಲ್ಲೇ ಕರಗುವ ದುಡ್ಡು ಕಾಣುವುದಿಲ್ಲ.

ಇನ್ನೊಂದು ವಿಷಯ ಮಗಳೇ ಕಂಡುಹಿಡಿದದ್ದು. 12 ಮೈಲೇಜಿನ ಗಾಡಿ ನೂರು ಕಿಲೋಮೀಟರಿಗೆ 8.3 ಲೀಟರ್ ಕುಡಿಯುತ್ತದೆ. 18ರದ್ದು 5.6 ಲೀಟರ್. 24ರದ್ದು 4.2. ಅಂದರೆ 12ರಿಂದ 18ಕ್ಕೆ ಹೋದರೆ ಸುಮಾರು 2.8 ಲೀಟರ್ ಉಳಿತಾಯ. ಅಲ್ಲಿಂದ ಮತ್ತೆ ಆರು ಏರಿಸಿ 24ಕ್ಕೆ ಹೋದರೆ ಉಳಿಯುವುದು 1.4 ಲೀಟರ್ ಮಾತ್ರ. ಈಗಾಗಲೇ 18 ಕೊಡುವ ಕಾರಿರುವವರು 'ಇನ್ನೂ ಜಾಸ್ತಿ ಮೈಲೇಜು' ಅಂತ ಬದಲಾಯಿಸಿದರೆ ನಮಗಿಂತ ಕಡಿಮೆ ಉಳಿಯುತ್ತದೆ. ಮೈಲೇಜು ಕೇಳಬೇಡಿ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಕೇಳಿ.

ಹಾಗಾದರೆ ಯಾರಿಗೂ ಲಾಭವಿಲ್ಲವೇ? ಇದೆ. ತಿಂಗಳಿಗೆ 2,500 ಕಿಲೋಮೀಟರ್ ಓಡಿಸುವವರಿಗೆ ಇದೇ ಲೆಕ್ಕದಲ್ಲಿ ಇಂಧನದಲ್ಲೇ ವರ್ಷಕ್ಕೆ 55,800 ಉಳಿಯುತ್ತದೆ, ಆಗ ಬಡ್ಡಿ ಕಟ್ಟಿಯೂ ಸ್ವಲ್ಪ ಮಿಗುತ್ತದೆ. ಹಳೇ ಗಾಡಿಯ ಎಂಜಿನ್ನೇ ಕೂತುಹೋಗಿದ್ದರೆ ಹೇಗೂ ಕೊಳ್ಳಲೇಬೇಕು, ಆಗ ಮೈಲೇಜು ನೋಡಿ ಆರಿಸುವುದು ಜಾಣತನ. ಬಾಡಿಗೆ ಪಿಕಪ್ ಬೇಡದವರು ಒಳ್ಳೆಯ ಸೆಕೆಂಡ್ ಹ್ಯಾಂಡ್ ಸಣ್ಣ ಕಾರನ್ನು ಸಾಲವಿಲ್ಲದೆ ತಗೊಂಡರೂ ಲೆಕ್ಕ ಹೊಂದುತ್ತದೆ.

ನಾವು ಬೇರೆ ದಾರಿ ಹಿಡಿದೆವು. ತೀರ್ಥಹಳ್ಳಿಗೆ ಮೂರರ ಬದಲು ಎರಡು ಸಲ, ಆದರೆ ಹೋದಾಗ ಅಮ್ಮನ ಜೊತೆ ಒಂದು ರಾತ್ರಿ ಉಳಿಯುವುದು. ಅಮ್ಮನಿಗೆ ಅದೇ ಹೆಚ್ಚು ಖುಷಿ. ಪೇಟೆಗೆ ಇಪ್ಪತ್ತರ ಬದಲು ಹದಿನಾರು ಸಲ, ಚೀಟಿ ಬರೆದುಕೊಂಡು. ಇಷ್ಟಕ್ಕೇ ತಿಂಗಳಿಗೆ 146 ಕಿಲೋಮೀಟರ್ ಕಡಿಮೆಯಾಗಿ ವರ್ಷಕ್ಕೆ ಸುಮಾರು 13,200 ರೂಪಾಯಿ ಉಳಿಯುತ್ತದೆ. ಮನೆಯಲ್ಲೇ ಇರುವ ಸ್ಕೂಟರಿನಲ್ಲಿ ಪೇಟೆಗೆ ಹೋದರೆ ಮತ್ತೆ ತಿಂಗಳಿಗೆ ಸುಮಾರು 1,180. ನಮ್ಮ ಮಳೆಗಾಲದ ನಾಲ್ಕು ತಿಂಗಳು ಸ್ಕೂಟರ್ ಮಾತೇ ಬೇಡ. ಉಳಿದ ಎಂಟು ತಿಂಗಳಿಗೆ 9,400. ಎರಡೂ ಸೇರಿದರೆ 22,600. ಹೊಸ ಕಾರು ಇಂಧನದಲ್ಲಿ ಉಳಿಸುತ್ತಿದ್ದುದಕ್ಕಿಂತ ಹೆಚ್ಚು, ಅದೂ ಒಂದು ರೂಪಾಯಿ ಸಾಲವಿಲ್ಲದೆ. ಮಗಳು ಈಗ ಹೆಚ್ಚಾಗಿ ಬಸ್ಸಿಗೇ ಬರುತ್ತಾಳೆ. ಶಕ್ತಿ ಯೋಜನೆ ಇದೆಯಲ್ಲ ಅನ್ನಬಹುದು, ಆದರೆ ಅವಳ ಹೊತ್ತಿಗೆ ಸಿಗುವುದು ಖಾಸಗಿ ಬಸ್ಸು, ಟಿಕೆಟ್ ಕೊಳ್ಳಲೇಬೇಕು. ಆದರೂ ಜೀಪಿಗಿಂತ ಅಗ್ಗ.

ಇಷ್ಟು ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ, ಅತ್ತೆಯ ಮಂಡಿ. ಜೊತೆಗೆ ನಮ್ಮ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ ಅನ್ನುವುದು. ಇವಕ್ಕೆ ಖಂಡಿತ ಬೆಲೆ ಇದೆ. ಆದರೆ ಅದು ಅನುಕೂಲದ, ಸುರಕ್ಷತೆಯ ಖರ್ಚು. ಅದನ್ನು 'ಉಳಿತಾಯ' ಅಂತ ಕರೆದು ಸಾಲ ಮಾಡಬಾರದು. ಜೀಪಿನ ನೋಂದಣಿ 2027ಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಗ ಎಫ್‌ಸಿ, ನವೀಕರಣದ ಶುಲ್ಕ ಅಂತ ಹೇಗೂ ಖರ್ಚಿದೆ, ಆಗ ಮತ್ತೆ ಯೋಚಿಸೋಣ ಅಂತ ತೀರ್ಮಾನಿಸಿದೆವು. ಅಲ್ಲಿಯವರೆಗೆ ಸೊಸೈಟಿಯಲ್ಲಿ ತಿಂಗಳಿಗೆ 5,000ದ ಆರ್‌ಡಿ ಶುರು ಮಾಡಿದ್ದೇವೆ. ಕಂತು ಕಟ್ಟುವ ತಾಕತ್ತಿದೆ ಅಂದಮೇಲೆ ಕೂಡಿಡುವ ತಾಕತ್ತೂ ಇರಬೇಕಲ್ಲ? ಆಗ ಸಾಲ ಅಷ್ಟು ಕಡಿಮೆ.

ಅತ್ತೆಗೆ ಈ ತೀರ್ಮಾನ ಹೇಳಿದೆ, ಸ್ವಲ್ಪ ಅಳುಕಿನಿಂದಲೇ. "ಮೊದಲು ಮಗು ಓದು ಮುಗೀಲಿ ಮಾರಾಯ್ತಿ" ಅಂದರು. ಇವರು ಮಾರನೇ ದಿನವೇ ವೆಲ್ಡಿಂಗ್ ಶಾಪಿಗೆ ಹೋಗಿ ಜೀಪಿನ ಬಾಗಿಲ ಕೆಳಗೆ ಇನ್ನೊಂದು ಮೆಟ್ಟಿಲು ಹಾಕಿಸಿಕೊಂಡು ಬಂದರು. ಖರ್ಚು 1,200 ರೂಪಾಯಿ.

ನಿಮ್ಮ ಮನೆಯ ಲೆಕ್ಕ ನಮ್ಮದರಂತೆಯೇ ಇರಬೇಕಿಲ್ಲ. ಆದರೆ ಷೋರೂಮಿಗೆ ಕಾಲಿಡುವ ಮೊದಲು ಒಂದು ತಿಂಗಳು ಓಡಾಟ ಬರೆದಿಡಿ, ಮೂರು ಸಲ ಫುಲ್ ಟ್ಯಾಂಕ್ ಲೆಕ್ಕ ನೋಡಿ, ಬಡ್ಡಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಆಮೇಲೂ ಹೊಸ ಗಾಡಿ ಬೇಕು ಅನ್ನಿಸಿದರೆ ಧಾರಾಳವಾಗಿ ತಗೊಳ್ಳಿ. ಯಾತಕ್ಕೆ ತಗೊಳ್ಳುತ್ತಿದ್ದೇವೆ ಅಂತ ಮನೆಮಂದಿಗೆಲ್ಲ ಗೊತ್ತಿದ್ದರೆ ಕಂತು ಅಷ್ಟು ಭಾರ ಅನ್ನಿಸುವುದಿಲ್ಲ.