ಹಿಂದಿನ ಸಾಲಿನ ಗಿಟಾರು

ನಾವು ಹುಡುಗರಾಗಿದ್ದಾಗ, ಎಂಬತ್ತರ ದಶಕದಲ್ಲಿ, ನಮ್ಮೂರು ತೊಂಡೇಬಾವಿಯಲ್ಲಿ ಗಿಟಾರು ಕಣ್ಣಿಗೆ ಬೀಳಬೇಕೆಂದರೆ ಗಣೇಶನ ಹಬ್ಬ ಬರಬೇಕಿತ್ತು. ದೊಡ್ಡಬಳ್ಳಾಪುರದ ಕಡೆಯಿಂದ ಆರ್ಕೆಸ್ಟ್ರಾ ಬರುತ್ತಿತ್ತು. ಎರಡು ಟ್ರಾಕ್ಟರ್ ಟ್ರೈಲರು ಜೋಡಿಸಿ ಮೇಲೆ ಜಮಖಾನ ಹಾಸಿದರೆ ಅದೇ ಸ್ಟೇಜು. ಮುಂದೆ ಹಾಡುವವರು, ಪಕ್ಕದಲ್ಲಿ ಕೀಬೋರ್ಡು, ಹಿಂದೆ ತಬಲಾ, ಡ್ರಮ್ಮು. ಸ್ಪೀಕರ್ ಡಬ್ಬದ ಮರೆಯಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಗಿಟಾರಿನವರು. ಹಾಡುವವರನ್ನೆಲ್ಲ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ಜಾನಕಿ ಎಂದು ಮೈಕಿನಲ್ಲಿ ಕೂಗಿ ಕರೆಯುತ್ತಿದ್ದರು. ಗಿಟಾರಿನವರ ಹೆಸರು ಮಾತ್ರ ಒಂದು ಸಲವೂ ಕೇಳಿಬರಲಿಲ್ಲ.

ನಾನು ಅವರ ಕೈಯನ್ನೇ ನೋಡುತ್ತ ಕೂತಿರುತ್ತಿದ್ದೆ. ಹಗಲು ಅವರಿಗೆ ಮಗ್ಗದ ಕೆಲಸ, ಹಬ್ಬದ ಸೀಜನ್ನಿನಲ್ಲಿ ರಾತ್ರಿ ಗಿಟಾರು. ತಂತಿ ಮೀಟಲು ಅಂಗಡಿಯ ಪಿಕ್ ಇರಲಿಲ್ಲ. ಪ್ಲಾಸ್ಟಿಕ್ ಸೋಪ್ ಡಬ್ಬಿಯ ಮುಚ್ಚಳವನ್ನು ತ್ರಿಕೋನವಾಗಿ ಕತ್ತರಿಸಿ, ಅಂಚನ್ನು ನೆಲಕ್ಕೆ ಉಜ್ಜಿ ನುಣುಪು ಮಾಡಿಟ್ಟುಕೊಂಡಿದ್ದರು. ಎಡಗೈ ಬೆರಳ ತುದಿಗಳಲ್ಲಿ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. "ಯಾರತ್ರ ಕಲಿತ್ರಣ್ಣ?" ಎಂದು ಕೇಳಿದೆ. "ರೇಡಿಯೋ ಹತ್ರ ಕಣಪ್ಪ" ಅಂದರು.

ಜನ ಹೆಚ್ಚಾಗಿ ಕೇಳುತ್ತಿದ್ದುದು 'ಗೀತಾ' ಚಿತ್ರದ ಹಾಡುಗಳನ್ನು. 1981ರ ಆ ಚಿತ್ರದಲ್ಲಿ ಶಂಕರ್‌ನಾಗ್ ಹಾಡುಗಾರನಾಗಿ ಗಿಟಾರು ಹಿಡಿದು ನಿಂತಿದ್ದರು. ಊರಿನ ಹುಡುಗರಿಗೆ ಗಿಟಾರೆಂದರೆ ಶಂಕರಣ್ಣನೇ. ಸಂಗೀತ ಇಳಯರಾಜ ಅವರದ್ದು. ಅವರೂ ಒಂದು ಕಾಲಕ್ಕೆ ಹಿಂದಿನ ಸಾಲಿನ ಗಿಟಾರಿನವರೇ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ತಮಿಳುನಾಡಿನ ಪಣ್ಣೈಪುರದಿಂದ ಮದ್ರಾಸಿಗೆ ಬಂದ ಇಳಯರಾಜ, ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಅವರ ವಾದ್ಯವೃಂದದಲ್ಲಿ ಗಿಟಾರು ನುಡಿಸುತ್ತ ವರ್ಷಗಟ್ಟಲೆ ದುಡಿದರು. ಹಾಗೆ ದುಡಿದ ಎಷ್ಟೋ ಚಿತ್ರಗಳು ಕನ್ನಡದವು. 1976ರಲ್ಲಿ 'ಅನ್ನಕ್ಕಿಳಿ' ಬಂದ ಮೇಲೆ ಅವರ ಹೆಸರು ಮುಂದಕ್ಕೆ ಬಂತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿಕೊಂಡು ಬೆಳೆದ ನಮ್ಮ ಸೀಮೆಯವರಿಗೆ, ತಮಿಳುನಾಡಿನ ಗಿಟಾರಿನವರು ಕಟ್ಟಿದ ಕನ್ನಡ ಹಾಡು ಬೇರೆಯದೆನಿಸಲೇ ಇಲ್ಲ.

1983ರ 'ಪಲ್ಲವಿ ಅನುಪಲ್ಲವಿ' ಚಿತ್ರದ ಗಿಟಾರಿನ ಎಳೆಯನ್ನು ಮುಂದೆ ಐಡಿಯಾ ಮೊಬೈಲ್ ಕಂಪನಿ ತನ್ನ ಜಾಹೀರಾತಿಗೆ ಬಳಸಿತು. ಅದು ದೇಶದ ತುಂಬ ಕೇಳಿಸಿತು. ನಿರ್ದೇಶಕ ಮಣಿರತ್ನಂ, ಸಂಗೀತದ ಇಳಯರಾಜ, ಹಾಡಿದ ಬಾಲಸುಬ್ರಹ್ಮಣ್ಯಂ, ಜಾನಕಿ, ಎಲ್ಲರ ಹೆಸರೂ ಜನಕ್ಕೆ ಗೊತ್ತು. ಸ್ಟುಡಿಯೋದಲ್ಲಿ ಕೂತು ತಂತಿ ಮೀಟಿದ ಬೆರಳು ಯಾರದೆಂದು ಕ್ಯಾಸೆಟ್ಟಿನ ಮೇಲೆ ಬರೆಯುವ ಪದ್ಧತಿಯೇ ಇರಲಿಲ್ಲ.

ಗಿಟಾರು ಹಿಡಿದವನೇ ಹಾಡು ಕಟ್ಟಿ, ತಾನೇ ಹಾಡಿ, ಸ್ಟೇಜಿನ ನಡುವೆ ನಿಲ್ಲುವುದನ್ನು ಕನ್ನಡದ ದೊಡ್ಡ ಜನಸಮೂಹ ಕಂಡದ್ದು ರಘು ದೀಕ್ಷಿತ್ ಅವರಲ್ಲಿ. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಅದರಲ್ಲಿ ಚಿನ್ನದ ಪದಕ. ಕಲಿತ ಕಲೆ ಭರತನಾಟ್ಯ. ಕಾಲೇಜಿನಲ್ಲಿ ನಾಟ್ಯವನ್ನು ಛೇಡಿಸಿದ ಗೆಳೆಯನೊಂದಿಗೆ ಪಂತ ಕಟ್ಟಿ ಗಿಟಾರು ಹಿಡಿದರಂತೆ. 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಕೆಲಸದ ಮೇಲೆ ಬೆಲ್ಜಿಯಂಗೆ ಹೋಗಿ ಬಂದು, ನೌಕರಿ ಬಿಟ್ಟು, ಬೆಂಗಳೂರಿನಲ್ಲಿ ಹಾಡೇ ಹೊಟ್ಟೆಪಾಡೆಂದು ನಿಂತರು. ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿದ್ದು ವರ್ಷಗಟ್ಟಲೆ. ಕೊನೆಗೆ ಮುಂಬೈಯಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಅದೇ ವರ್ಷ 'ಸೈಕೋ' ಚಿತ್ರದ ಮಹದೇಶ್ವರನ ಹಾಡು ನಮ್ಮೂರಿನ ಆಟೋಗಳಿಗೂ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಶಿಶುನಾಳ ಷರೀಫರ ಕನ್ನಡವನ್ನು ಇಂಗ್ಲೆಂಡಿನ ಬಯಲುಗಳಲ್ಲಿ ಹಾಡಿ ಬಂದರು.

ಷರೀಫರ ಪದಗಳನ್ನು ಸಿ. ಅಶ್ವತ್ಥ್ ಅವರ ಕಂಠದಲ್ಲಿ ಕೇಳಿ ಮನಸ್ಸಿಗಿಳಿಸಿಕೊಂಡ ನಮ್ಮ ತಲೆಮಾರಿಗೆ ರಘು ಅವರ ಅಬ್ಬರ ಮೊದಲಿಗೆ ಒಗ್ಗಲಿಲ್ಲ. ನನಗೀಗ ಬೇರೆ ಅನಿಸುತ್ತದೆ. ಅವರ ಸ್ವಂತ ಹಾಡುಗಳಿಗಿಂತ ಷರೀಫರ ಪದಗಳಲ್ಲೇ ಅವರ ಗಿಟಾರು ಚೆನ್ನಾಗಿ ಕೂರುತ್ತದೆ. ಕಾರಣವೂ ಇದೆ. ತತ್ವಪದ ಹುಟ್ಟಿದ್ದೇ ಏಕತಾರಿಯ ಜೊತೆಗೆ. ಒಂದೇ ಶ್ರುತಿಯನ್ನು ಬಿಡದೆ ಮೀಟುತ್ತ ಹೋಗುವ ಆ ಲಯಕ್ಕೂ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಾರಿಸುವ ಲಯಕ್ಕೂ ಹತ್ತಿರದ ನಂಟಿದೆ. ನಮ್ಮ ಜಿಲ್ಲೆಯಲ್ಲೇ ಕೈವಾರ ತಾತಯ್ಯನವರು ಕನ್ನಡದಲ್ಲೂ ತೆಲುಗಿನಲ್ಲೂ ಕಟ್ಟಿದ ತತ್ವಪದಗಳಿವೆ. ಭಜನೆ ಗುಂಪುಗಳು ಇವತ್ತಿಗೂ ಹಾಡುತ್ತವೆ. ಗಿಟಾರು ಕಲಿಯುತ್ತಿರುವ ನಮ್ಮ ಕಡೆಯ ಹುಡುಗರು ಅವುಗಳತ್ತ ಒಮ್ಮೆ ತಿರುಗಲಿ ಎಂಬ ಆಸೆ ನನಗೆ ಬಲವಾಗಿದೆ.

ಹೆಸರು ಮುಂದೆ ಬಂದಾಗ ಹೊಣೆಯೂ ಬರುತ್ತದೆ. 2018ರ ಅಕ್ಟೋಬರ್‌ನಲ್ಲಿ, ಮೀಟೂ ಚಳವಳಿಯ ಸಮಯದಲ್ಲಿ, ಗಾಯಕಿಯೊಬ್ಬರು ಹೇಳಿಕೊಂಡ ಅನುಭವಕ್ಕೆ ಸಂಬಂಧಿಸಿ ರಘು ದೀಕ್ಷಿತ್ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಇದನ್ನು ಬಿಟ್ಟು ಅವರ ಕಥೆ ಹೇಳಿದರೆ ಅದು ಅರ್ಧ ಕಥೆ. ಆಮೇಲೂ ಅವರ ಕೆಲಸ ನಡೆಯಿತು. 2020ರ 'ಲವ್ ಮಾಕ್‌ಟೇಲ್' ಸಂಗೀತ ಅವರದ್ದೇ.

ತೊಂಡೇಬಾವಿಯೂ ಅಂದಿನಂತಿಲ್ಲ. ಸಿಮೆಂಟ್ ಕಾರ್ಖಾನೆ ಬಂದಿದೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಹುಡುಗರಲ್ಲಿ ಒಬ್ಬಿಬ್ಬರ ಬೆನ್ನ ಮೇಲೆ ಗಿಟಾರಿನ ಚೀಲ ಕಾಣುತ್ತದೆ. ಪಾಠ ಯೂಟ್ಯೂಬಿನಲ್ಲಿ, ಗಿಟಾರು ಆನ್‌ಲೈನಿನಲ್ಲಿ. ಕಲಿಯಲು ಇಷ್ಟು ಸಲೀಸಾದ ಕಾಲ ಹಿಂದೆ ಇರಲಿಲ್ಲ, ಇದು ಒಳ್ಳೆಯದೇ. ದುಡಿಮೆಯ ಮಾತು ಬೇರೆ. ಗಣೇಶನ ಸ್ಟೇಜಿನ ಮೇಲೆ ಈಗ ಹಾಡುವವರು ಇಬ್ಬರು, ಲ್ಯಾಪ್‌ಟಾಪ್ ಒಂದು. ಟ್ರ್ಯಾಕ್ ಹಾಕಿದರೆ ಗಿಟಾರು, ಕೊಳಲು, ತಬಲಾ ಎಲ್ಲ ಅದರೊಳಗೇ ಇದೆ. ಸೋಪ್ ಡಬ್ಬಿಯ ಪಿಕ್ ಹಿಡಿದಿದ್ದ ಅಣ್ಣ ಆರ್ಕೆಸ್ಟ್ರಾ ನಿಂತ ಮೇಲೆ ಮಗ್ಗವನ್ನೇ ನೆಚ್ಚಿಕೊಂಡರು.

2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ, ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಸಿನಿಮಾ ಹಾಡಿನ ರಾಯಧನದ ಹಕ್ಕು ಗಟ್ಟಿಯಾಯಿತು. ಹಾಡಿದವರ, ನುಡಿಸಿದವರ ಹಕ್ಕಿನ ಮಾತೂ ಆ ಕಾಯ್ದೆಯಲ್ಲಿದೆ. ಆದರೂ ಫೋನಿನಲ್ಲಿ ಕನ್ನಡ ಹಾಡೊಂದನ್ನು ತೆರೆದು ನೋಡಿದರೆ ಬಹುಪಾಲು ಕಡೆ ಸಿಗುವುದು ಗಾಯಕರು, ಸಂಗೀತ, ಸಾಹಿತ್ಯ, ಕಂಪನಿ ಇಷ್ಟೇ. ಕಂಪನಿಗಳಿಗೆ ಇನ್ನೊಂದು ಸಾಲು ಸೇರಿಸುವುದಕ್ಕೆ ಕಾಸು ಖರ್ಚಿಲ್ಲ. ಗಿಟಾರು ಯಾರು, ಕೊಳಲು ಯಾರು, ತಬಲಾ ಯಾರು ಎಂದು ಬರೆಯಲಿ. ನಮ್ಮೂರ ಗಣೇಶ ಸಮಿತಿಯವರಿಗೂ ಇದನ್ನೇ ಹೇಳಿದ್ದೇನೆ: ಮುಂದಿನ ಸಲ ನುಡಿಸುವವರನ್ನು ಕರೆಸುವುದಾದರೆ ಕರಪತ್ರದಲ್ಲಿ ಅವರ ಹೆಸರೂ ಹಾಕಿಸಿ, ಅಚ್ಚಿನ ಖರ್ಚು ನಾನು ಕೊಡುತ್ತೇನೆ.