ಗಾಲಿಯ ಮನೆಯಲ್ಲಿ ಒಂದು ವರ್ಷ

ಪ್ರವಾಸವೆಂದರೆ ಮನೆಯನ್ನು ಬಿಟ್ಟು ಹೋಗುವುದು ಎಂಬ ಭಾವನೆ ನಮ್ಮಲ್ಲಿ ರೂಢಮೂಲವಾದುದು. ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಹೊರಟರೆ ಅದನ್ನು ಪ್ರವಾಸವೆನ್ನಬೇಕೋ ವಲಸೆಯೆನ್ನಬೇಕೋ ಎಂದು ನಮ್ಮ ನೆರೆಯವರೊಬ್ಬರು ಕೇಳಿದರು. 2024ರ ದೀಪಾವಳಿಯಿಂದ 2025ರ ನವರಾತ್ರಿಯವರೆಗೆ ನಾನೂ ನನ್ನ ಪತ್ನಿಯೂ ಧಾರವಾಡದಿಂದ ಒಂಬತ್ತು ಸಲ ಘಟ್ಟವಿಳಿದು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಒಟ್ಟು 47 ರಾತ್ರಿಗಳನ್ನು ಕಳೆದೆವು. ಒಂದು ರಾತ್ರಿಯೂ ವಸತಿಗೃಹದ ಬಾಗಿಲು ತಟ್ಟಲಿಲ್ಲ. ಆದರೂ ನೆರೆಯವರ ಪ್ರಶ್ನೆಗೆ ನನ್ನಲ್ಲಿ ಇನ್ನೂ ನಿಶ್ಚಿತವಾದ ಉತ್ತರವಿಲ್ಲ.

ಗಾಡಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಅದು ಕೈಬದಲಾದ ಒಂದು ಟೆಂಪೋ ಟ್ರಾವೆಲರ್. ಆಸನಗಳನ್ನು ತೆಗೆದು ಎರಡು ಮಂಚ, ಒಂದು ಒಲೆ, ಬಟ್ಟೆಯ ಪೆಟ್ಟಿಗೆ, 60 ಲೀಟರಿನ ನೀರಿನ ಪೀಪಾಯಿ, ಮಾಡಿನ ಮೇಲೆ ಎರಡು ಸೌರಫಲಕಗಳು — ಇಷ್ಟೇ ಸಂಸಾರ. ಹೀಗೆ ವಾಹನದ ರೂಪವನ್ನು ಬದಲಿಸುವುದಕ್ಕೆ ನೋಂದಣಿ ಅಧಿಕಾರಿಗಳ ಒಪ್ಪಿಗೆ ಬೇಕು. ಅದನ್ನು ಪಡೆಯುವುದರಲ್ಲಿ ಸವೆದ ಚಪ್ಪಲಿಯ ಲೆಕ್ಕವನ್ನು ವಾಚಕರಿಗೆ ಒಪ್ಪಿಸುವುದಿಲ್ಲ. ಸೆಖೆಯ ದಿನಗಳಿಗೆಂದು ಒಂದು ಡೇರೆಯೂ ಇತ್ತು. ಕರಾವಳಿಯಲ್ಲಿ ಸೆಖೆಯಿಲ್ಲದ ದಿನಗಳು ಎಷ್ಟಿವೆಯೆಂಬುದು ಅಲ್ಲಿಯವರಿಗೆ ಗೊತ್ತು.

ಭಟ್ಕಳದಿಂದ ಕುಮಟೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವನಿಗೆ ಒಂದೂವರೆ ಗಂಟೆಯ ದಾರಿ. ಇಷ್ಟು ಸಣ್ಣ ನೆಲಕ್ಕೆ ಒಂದು ವರ್ಷವೇ ಎಂದು ಕೇಳುವವರಿಗೆ ಹಿಂದಿನವರ ಉದಾಹರಣೆಯನ್ನು ಕೊಡಬಹುದು. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದವನು ಅಲ್ಲಿಯ ಹೆಣ್ಣುಮಕ್ಕಳ ಪಾಠಶಾಲೆಗಳನ್ನು ಕಂಡು ಬೆರಗಾಗಿ ಬರೆದಿಟ್ಟ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯನ್ನೇರಿ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದ. ಟಿಪ್ಪುವಿನ ಪತನದ ಮೇಲೆ ನಾಡನ್ನು ಅಳೆದು ನೋಡಲು ಹೊರಟ ಫ್ರಾನ್ಸಿಸ್ ಬುಕನನ್ 1801ರಲ್ಲಿ ಇದೇ ದಾರಿಯಲ್ಲಿ ಭಟ್ಕಳ, ಹೊನ್ನಾವರ, ಮಿರ್ಜಾನ, ಗೋಕರ್ಣಗಳನ್ನು ಹಾದ. ಗದ್ದೆ, ತೋಟ, ಉಪ್ಪು, ಮೆಣಸು ಯಾವುದನ್ನೂ ಕೇಳದೆ ಬಿಡಲಿಲ್ಲ. ಅವರಲ್ಲಿ ಯಾರಿಗೂ ನಮ್ಮಷ್ಟು ವೇಗವಾಗಿ ಹೋಗುವ ಸೌಕರ್ಯವಿರಲಿಲ್ಲ. ಅದರಿಂದಲೇ ಅಷ್ಟು ಕಂಡರು ಎಂದು ನನ್ನ ಗುಮಾನಿ.

ಮನೆಗಾಡಿಯವನ ಮುಖ್ಯ ಚಿಂತೆ ಏನನ್ನು ನೋಡಬೇಕೆಂಬುದಲ್ಲ, ಎಲ್ಲಿ ನಿಲ್ಲಬೇಕೆಂಬುದು. ನಾವು ಅಂಕೋಲೆಯ ಮೇಲೆ ಇಳಿದು ಬರುವವರಾದ್ದರಿಂದ ಪ್ರತಿಸಲವೂ ಶಿರೂರನ್ನು ದಾಟಬೇಕಾಗಿತ್ತು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿಯ ಪಾತ್ರಕ್ಕೂ ಬಂದು ಬಿತ್ತು. ರಸ್ತೆಯ ಬದಿಯಲ್ಲಿ ಚಹಾ ಕುಡಿಯಲು, ವಿಶ್ರಮಿಸಲು ನಿಂತವರು ಜೀವ ಕಳೆದುಕೊಂಡರು. ಹೊಳೆಯ ಪಾಲಾಗಿದ್ದ ಒಂದು ಲಾರಿಯನ್ನು ಮೇಲಕ್ಕೆತ್ತುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ದಾರಿಯಲ್ಲಿ ಗಾಡಿ ನಿಲ್ಲಿಸಿ ನಿದ್ರಿಸುವುದು ಲಾರಿಯವರಿಗೆ ವೃತ್ತಿ, ನಮಗೆ ವಿಲಾಸ. ಆದರೆ ಗುಡ್ಡಕ್ಕೆ ಈ ಭೇದ ತಿಳಿಯದು. ಕಡಿದ ಗುಡ್ಡದ ಬುಡದಲ್ಲಿ ಎಷ್ಟೇ ನೆರಳಿರಲಿ, ಎಷ್ಟೇ ಸಮತಟ್ಟಾಗಿರಲಿ, ಗಾಡಿ ನಿಲ್ಲಿಸುವುದಿಲ್ಲವೆಂದು ಮೊದಲ ದಿನವೇ ನಿಶ್ಚಯಿಸಿಕೊಂಡೆವು. ಹೆದ್ದಾರಿಯ ಅಗಲೀಕರಣದಲ್ಲಿ ಜಂಬಿಟ್ಟಿಗೆಯ ಗುಡ್ಡಗಳನ್ನು ನೆಟ್ಟಗೆ ಕತ್ತರಿಸಿದ ಸ್ಥಳಗಳು ಈ ಮೂರು ತಾಲ್ಲೂಕುಗಳಲ್ಲಿಯೂ ಕಣ್ಣಿಗೆ ಬೀಳುತ್ತವೆ.

ಭಟ್ಕಳದಲ್ಲಿ ನಾವು ಕಳೆದುದು ಆರೇ ರಾತ್ರಿ. ಪೇಟೆಯ ಓಣಿಗಳು ನಮ್ಮ ಗಾಡಿಗೆ ಕಿರಿದು. ಕಾಲ್ನಡಿಗೆಗೆ ಬಹು ಸೊಗಸು. ಹಳೆಯ ಜೈನ ಬಸದಿ, ಗೋಡೆಯ ತುಂಬ ಶಿಲ್ಪವನ್ನು ಹೊತ್ತ ಖೇತಪೈ ನಾರಾಯಣ ದೇವಾಲಯ, ನವಾಯತರ ಹಳೆಯ ಮನೆಗಳು, ಮಸೀದಿಗಳು — ಒಂದೇ ಬೆಳಗಿನ ಸುತ್ತಿನಲ್ಲಿ ಎಲ್ಲವೂ ಎದುರಾಗುತ್ತವೆ. ಸಂತೆಯಲ್ಲಿ ನನ್ನಾಕೆ ಭಟ್ಕಳ ಮಲ್ಲಿಗೆ ಕೊಂಡಳು. ಮರುದಿನದವರೆಗೂ ಗಾಡಿಯಲ್ಲಿ ಡೀಸೆಲ್ಲಿನ ವಾಸನೆ ಸೋತುಹೋಗಿತ್ತು.

ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಹೋದಾಗ ಕಡಲತೀರಕ್ಕೆ ಪ್ರವೇಶವಿರಲಿಲ್ಲ. ಆ ತಿಂಗಳ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರಿಗೆ ಬಲಿಯಾಗಿದ್ದರು. ಸಮುದ್ರವನ್ನು ಮೊದಲ ಬಾರಿಗೆ ಕಾಣುವ ಬಯಲುಸೀಮೆಯ ಮಗುವಿಗೆ ಅದು ಕರೆಯಂತೆ ಕಾಣುತ್ತದೆ. ಕೆರೆಯಲ್ಲಿ ಕಲಿತ ಎಚ್ಚರ ಅಲ್ಲಿ ಸಾಲದು. ಹಗ್ಗ ಕಟ್ಟಿದ ಆ ಮರಳಿನ ಅಂಚಿನಲ್ಲಿ, 123 ಅಡಿಯ ಶಿವನ ಮೂರ್ತಿಯ ಕೆಳಗೆ, ಪ್ರವಾಸಿಗಳು ಮೌನವಾಗಿ ನಿಂತಿದ್ದರು. ಒಂದು ಬಸ್ಸಿನಿಂದ ಇಳಿದ ಮಕ್ಕಳನ್ನು ಉಪಾಧ್ಯಾಯಿನಿಯೊಬ್ಬರು ಎಣಿಸುತ್ತಿದ್ದರು. ಎಣಿಸಿದವರನ್ನೇ ಮತ್ತೆ ಎಣಿಸುತ್ತಿದ್ದರು. ಅಂದು ಸಂಜೆ ನಾವು ಅಲ್ಲಿ ಉಳಿಯದೆ ಹೊನ್ನಾವರಕ್ಕೆ ಹೊರಟೆವು.

ಹೊನ್ನಾವರದ ದಕ್ಷಿಣಕ್ಕೆ, ಶರಾವತಿಯ ಆಚೆ ದಡದಲ್ಲಿ ಕಾಸರಕೋಡು. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಗಾಳಿಮರಗಳ ತೋಪು, ಗುಡಿಸಿದ ಮರಳು, ಸ್ನಾನಗೃಹಗಳು — ಎಲ್ಲವೂ ಒಪ್ಪವಾಗಿವೆ. ಅಲ್ಲಿಂದ ಸ್ವಲ್ಪ ದೂರದ ಟೊಂಕದ ಕಥೆ ಬೇರೆ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಆ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ಊರವರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಅದೇ ದಡದಲ್ಲಿ ಖಾಸಗಿ ಬಂದರೊಂದರ ಯೋಜನೆ ಬಂದು, ದೋಣಿ ಎಳೆಯುವ, ಮೀನು ಒಣಗಿಸುವ ನೆಲ ಹೋಗುವುದೆಂದು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ನಾವು ಗೂಡುಗಳ ಹತ್ತಿರ ಡೇರೆ ಹಾಕಲಿಲ್ಲ. ಮೊಟ್ಟೆಯೊಡೆದು ಬಂದ ಮರಿ ಬೆಳಕು ಹೆಚ್ಚಾಗಿರುವ ಕಡೆಗೆ ತೆವಳುತ್ತದೆ. ಪ್ರಕೃತಿಯ ಲೆಕ್ಕದಲ್ಲಿ ಆ ಬೆಳಕು ಸಮುದ್ರದ್ದು. ಪ್ರವಾಸಿಯ ಲಾಂದ್ರದ ಲೆಕ್ಕ ಅದರಲ್ಲಿ ಸೇರಿಲ್ಲ. ಮೀನುಗಾರರ ಕೇರಿಯ ಹಿರಿಯರೊಬ್ಬರು ತಮ್ಮ ಅಂಗಳದ ಮೂಲೆಯನ್ನು ತೋರಿಸಿ, “ಇಲ್ಲಿ ನಿಲ್ಲಿಸಿ, ಇದು ಇನ್ನೂ ನಮ್ಮದು,” ಎಂದರು. ‘ಇನ್ನೂ’ ಎಂಬ ಮಾತನ್ನು ಅವರು ಒತ್ತಿ ಹೇಳಲಿಲ್ಲ. ಆದರೂ ಅದೇ ಕಿವಿಯಲ್ಲಿ ಉಳಿಯಿತು.

ಈ ವರ್ಷದಲ್ಲಿ ನಾವು ನಿಜವಾಗಿ ಕಂಡದ್ದು ಎರಡು ಅಳಿವೆಗಳನ್ನು. ಉಳಿದುದೆಲ್ಲ ಮೇಲೋಗರ. ಹೊನ್ನಾವರದಲ್ಲಿ ಶರಾವತಿ, ಕುಮಟೆಯ ಬಳಿ ಅಘನಾಶಿನಿ. ಇವೆರಡರ ನಡುವಿನ ಅಂತರ ಒಂದು ಗಂಟೆಯ ದಾರಿಯೂ ಅಲ್ಲ. ಶರಾವತಿ ನೋಡುವುದಕ್ಕೆ ಗಂಭೀರೆ: ಕೊಂಕಣ ರೈಲುಮಾರ್ಗದ ಅತಿ ಉದ್ದದ ಸೇತುವೆ, 2 ಕಿಲೋಮೀಟರಿಗೂ ಮಿಗಿಲಾದುದು, ಅದರ ಮೇಲೆಯೇ ಇದೆ. ರಾತ್ರಿ ರೈಲು ದಾಟುವಾಗ ದೀಪಗಳ ಸಾಲು ನೀರಿನಲ್ಲಿ ಇನ್ನೊಂದು ರೈಲನ್ನು ಎಳೆಯುತ್ತದೆ. ಆದರೆ ಈ ನೀರು ತನ್ನ ಇಚ್ಛೆಯಿಂದ ಹರಿಯುವುದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಯಿತು. ಮುಂದೆ ಗೇರುಸೊಪ್ಪೆಯಲ್ಲಿಯೂ ಒಂದಾಯಿತು. ವಿದ್ಯುತ್ತು ಮಾಡಿ ಬಿಟ್ಟ ಸಿಹಿನೀರು ಬೇಸಗೆಯಲ್ಲಿಯೂ ಅಳಿವೆಗೆ ಬರುವುದರಿಂದ ಅಲ್ಲಿ ಉಪ್ಪಿನ ಅಂಶ ತಗ್ಗಿತು. ಉಪ್ಪು ತಗ್ಗಿದಂತೆ ಚಿಪ್ಪಿನ ಜೀವಿಗಳೂ ತಗ್ಗಿದವು. ನಾಡಿಗೆ ದೀಪ ಬಂತು, ಅಳಿವೆಯಿಂದ ಬೆಳಚು ಹೋಯಿತು. ಈ ಲೆಕ್ಕದ ಎರಡು ಬದಿಗಳನ್ನೂ ಒಂದೇ ಪುಟದಲ್ಲಿ ಬರೆದವರು ಕಡಿಮೆ.

ಅಘನಾಶಿನಿ ಶಿರಸಿಯ ಶಂಕರಹೊಂಡದ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರು ಹರಿದು ಕಡಲನ್ನು ಸೇರುವವರೆಗೆ ದೊಡ್ಡ ಅಣೆಕಟ್ಟೊಂದನ್ನೂ ಕಾಣದ ಹೊಳೆ. ಬೇಸಗೆಯಲ್ಲಿ ಕಡಲು ಒಳಗೆ ಬರುತ್ತದೆ, ಮಳೆಗಾಲದಲ್ಲಿ ಹೊಳೆ ಹೊರಗೆ ನೂಕುತ್ತದೆ; ಈ ತಳ್ಳಾಟದಲ್ಲಿಯೇ ಸಾವಿರಾರು ಕುಟುಂಬಗಳ ಅನ್ನವಿದೆ. ಇಳಿತದ ಹೊತ್ತಿನಲ್ಲಿ ಗಂಡಸರೂ ಹೆಂಗಸರೂ ಎದೆಮಟ್ಟದ ನೀರಿಗಿಳಿದು ಕಾಲಿನಿಂದಲೇ ತಡವಿ ಬೆಳಚು ಎತ್ತುವುದನ್ನು ನಾವು ಗಂಟೆಗಟ್ಟಲೆ ನೋಡಿದೆವು. 2024ರ ಜನವರಿಯಲ್ಲಿ ಈ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿತು. ವಿಸ್ತೀರ್ಣ 4,801 ಹೆಕ್ಟೇರು. ಈ ನೀರನ್ನು ಬಯಲುಸೀಮೆಗೆ ಒಯ್ಯುವ ಮಾತು ಪದೇ ಪದೇ ಏಳುತ್ತಲೇ ಇದೆ. ಬಯಲುಸೀಮೆಯವನಾದ ನನಗೆ ಅಲ್ಲಿಯ ಬಾಯಾರಿಕೆಯೂ ಗೊತ್ತು. ಆದರೂ ಎರಡು ಅಳಿವೆಗಳ ದಡದಲ್ಲಿ ಸರದಿಯಂತೆ ಮಲಗೆದ್ದವನು ಇದನ್ನು ಬರಿಯ ಕೊಳವೆಯ ಪ್ರಶ್ನೆಯೆಂದು ತಿಳಿಯಲಾರ.

ಅಘನಾಶಿನಿ ಗ್ರಾಮದಿಂದ ತದಡಿಗೆ ದೋಣಿಯಿದೆ. ಮನುಷ್ಯರೂ ದ್ವಿಚಕ್ರ ವಾಹನಗಳೂ ದಾಟುತ್ತಾರೆ. ಎದುರು ದಡ ಕಣ್ಣೆದುರಿಗಿದ್ದರೂ ನಮ್ಮ ಮನೆಗೆ ಆ ಭಾಗ್ಯವಿಲ್ಲ. ಅದು ಮಿರ್ಜಾನ, ಮಾದನಗೇರಿಗಳ ಮೇಲೆ ಬಳಸಿಯೇ ಬರಬೇಕು. ಹಾಗೆ ಬಳಸಿದ ದಿನವೇ ಮಿರ್ಜಾನದ ಕೋಟೆಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಹೊಂದಿಕೊಂಡ ಆ ಜಂಬಿಟ್ಟಿಗೆಯ ಗೋಡೆಗಳ ಮೇಲೆ ಮಳೆಗಾಲ ಬಿಟ್ಟುಹೋದ ಪಾಚಿ ಇನ್ನೂ ಹಸಿರಾಗಿತ್ತು. ಯಾಣದ ವಿಷಯ ಎಲ್ಲರೂ ಬರೆದಿದ್ದಾರೆ. 120 ಮೀಟರಿನ ಆ ಕರಿಯ ಶಿಖರದ ಮುಂದೆ ನನ್ನ ಲೇಖನಿಗೆ ಕೆಲಸವಿಲ್ಲ.

ಫೆಬ್ರವರಿಯ ಒಂದು ರಾತ್ರಿ ಹೊನ್ನಾವರದ ಸೀಮೆಯಲ್ಲಿ ನಮ್ಮನ್ನು ಮೀರಿಸಿದ ಡೇರೆಯವರು ಸಿಕ್ಕರು. ಯಕ್ಷಗಾನದ ಡೇರೆ ಮೇಳದ ಲಾರಿಗಳು ಬಯಲಿಗೆ ಬಂದು, ಸಂಜೆಯೊಳಗೆ ಕಂಬ ನೆಟ್ಟು, ಕುರ್ಚಿ ಹರಡಿ, ಚೌಕಿಯಲ್ಲಿ ಬಣ್ಣಕ್ಕೆ ಕುಳಿತರು. ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ಮಡಚಿ ಮುಂದಿನ ಊರಿಗೆ ಹೊರಟರು. ಬಯಲಿನಲ್ಲಿ ಗೂಟದ ಕುಳಿಗಳು ಮಾತ್ರ ಉಳಿದವು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ್ದು ಈ ತಾಲ್ಲೂಕಿನಲ್ಲಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇಲ್ಲಿಯವರೇ. ದೀಪಾವಳಿಯಿಂದ ಮಳೆಗಾಲದ ಬಾಗಿಲವರೆಗೆ ಊರೂರು ತಿರುಗುವ ಈ ಜನಕ್ಕೆ ನಮ್ಮ ಗಾಡಿಯನ್ನು ತೋರಿಸಿದೆ. ಭಾಗವತರೊಬ್ಬರು ಒಳಗೆ ಇಣುಕಿ, ಮಂಚವನ್ನು ಒತ್ತಿ ನೋಡಿ, “ಆಟ ಯಾವಾಗ?” ಎಂದು ವಿಚಾರಿಸಿದರು.

ಏಪ್ರಿಲ್ ಬಂದಾಗ ಹೆದ್ದಾರಿಯ ಬದಿಯಲ್ಲಿ, ಹಂದಿಗೋಣ, ಅಳ್ವೇಕೋಡಿಗಳಲ್ಲಿ ಕುಮಟೆಯ ಸಿಹಿ ಈರುಳ್ಳಿ ಜಡೆಜಡೆಯಾಗಿ ತೂಗುತ್ತಿತ್ತು. ಒಂದು ಜಡೆಯನ್ನು ಗಾಡಿಯ ಹಿಂಬಾಗಿಲಿಗೆ ಕಟ್ಟಿದೆವು. ಆದರೆ ಅದೇ ತಿಂಗಳಲ್ಲಿ ನೀರಿನ ಪೀಪಾಯಿಯ ಪ್ರಶ್ನೆಯೂ ಎದ್ದಿತು. ಅಳಿವೆಯ ಪಕ್ಕದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ಏರುತ್ತದೆ. ನವೆಂಬರಿನಲ್ಲಿ ಕೇಳದೆಯೇ ಕೊಡ ತುಂಬಿ ಕೊಟ್ಟಿದ್ದ ಮನೆಯ ಗೃಹಿಣಿ ಈಗಲೂ ಇಲ್ಲವೆನ್ನಲಿಲ್ಲ. ತಾವು ದೂರದಿಂದ ಹೊತ್ತು ತಂದುದನ್ನೇ ಸುರಿಯಲು ಬಂದರು. ನನ್ನಾಕೆ ಕೊಡವನ್ನು ತಡೆದಳು. ಅಂದಿನಿಂದ ಮಳೆ ಬರುವವರೆಗೆ ನೀರನ್ನು ಪೇಟೆಯಲ್ಲಿಯೇ ಕೊಂಡು ತುಂಬಿಸಿಕೊಂಡು ಹೋದೆವು. ಒಂದು ಸಲ ಆ ಮನೆಗೂ ಎರಡು ಕ್ಯಾನು ಇಳಿಸಿದೆವು. ಅವರು ಸಂಕೋಚಪಟ್ಟರು, ನಾವೂ ಪಟ್ಟೆವು.

ಮೇ ತಿಂಗಳನ್ನು ಪೂರ್ತಿಯಾಗಿ ಧಾರೇಶ್ವರದ ಕಡಲತಡಿಯಲ್ಲಿ ಕಳೆಯುವ ಯೋಚನೆಯಿತ್ತು. 2025ರ ಮುಂಗಾರು ಅದಕ್ಕೆ ಒಪ್ಪಲಿಲ್ಲ. ಮೇ 24ಕ್ಕೇ ಕೇರಳವನ್ನು ಮುಟ್ಟಿದ ಮಳೆ ಬೆನ್ನಹಿಂದೆಯೇ ನಮ್ಮನ್ನೂ ಮುಟ್ಟಿತು. ಗಾಳಿಗೆ ಡೇರೆಯ ಎರಡು ಕೋಲು ಮುರಿದವು. ಬಟ್ಟೆ ಗಾಳಿಮರಕ್ಕೆ ಸಿಕ್ಕಿ ನಿಶಾನೆಯಂತೆ ಹಾರಾಡಿತು. ಊರಿನ ಹುಡುಗರು ಅದನ್ನು ಇಳಿಸಿಕೊಟ್ಟು ಬಹಳ ಹೊತ್ತು ನಕ್ಕರು. ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ; ಬಂದರಿನಲ್ಲಿ ದೋಣಿಗಳು ಒತ್ತಾಗಿ ನಿಂತಂತೆ ನಮ್ಮ ಗಾಡಿಯೂ ಧಾರವಾಡದಲ್ಲಿ ತಗಡಿನ ಮಾಡಿನ ಕೆಳಗೆ ನಿಂತಿತು.

ಕಡೆಯ ಸಲ ಇಳಿದುದು ಸೆಪ್ಟೆಂಬರಿನ ಕೊನೆಯಲ್ಲಿ. ಮಾಣಿಕಟ್ಟೆಯ ಗಜನಿಯಲ್ಲಿ ಕಗ್ಗ ಎದೆಯುದ್ದ ಬೆಳೆದಿತ್ತು. ಉಪ್ಪುನೀರನ್ನೂ ನೆರೆಯನ್ನೂ ತಾಳುವ ಈ ಭತ್ತಕ್ಕೆ ನಾಟಿಯಿಲ್ಲ, ಗೊಬ್ಬರವಿಲ್ಲ. ಮೊಳಕೆ ಬಂದ ಬೀಜವನ್ನು ಎರಚಿ ಬಿಟ್ಟರೆ ನೀರಿನೊಡನೆ ತಾನೇ ಏರುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಬೆಳೆಯುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಒಡೆದ ಕಟ್ಟೆಯನ್ನು ಒಬ್ಬನೇ ಕಟ್ಟಲಾರ, ಎಲ್ಲರೂ ಕೂಡಬೇಕು. ಸಂಜೆ ಕಟ್ಟೆಯ ಮೇಲೆ ನಿಂತಿದ್ದ ಬೇಸಾಯಗಾರರೊಬ್ಬರು ನಮ್ಮ ಗಾಡಿಯನ್ನು ಗುರುತಿಸಿ, ಅಕ್ಟೋಬರಿನ ಕೊಯ್ಲಿಗೆ ಬರುತ್ತೀರಾ ಎಂದು ಕೇಳಿದರು. ಬರುತ್ತೇವೆಂದೆ. ಅವರು ಗಾಡಿಯ ಗಾಲಿಗಳನ್ನೊಮ್ಮೆ, ತಮ್ಮ ಮಣ್ಣಿನ ಕಟ್ಟೆಯನ್ನೊಮ್ಮೆ ನೋಡಿ, “ಬನ್ನಿ. ಮನೆಯನ್ನು ಮಾತ್ರ ರಸ್ತೆಯ ಮೇಲೆಯೇ ಬಿಟ್ಟು ಬನ್ನಿ,” ಎಂದರು.